ಬಟ್ಟೆ ಒಗೆದ ನೀರಿನಲ್ಲಿ ಹೋಗುವ ಎಳೆಗಳು

ಟಾಪ್ ಲೋಡ್ ವಾಷಿಂಗ್ ಮೆಷಿನ್ನಿನ ಒಳಗೋಡೆಗೆ ಒಂದು ಪುಟ್ಟ ಬಲೆಚೀಲ ಸಿಕ್ಕಿಸಿರುತ್ತಾರೆ. ನಾಲ್ಕಾರು ಸಲ ಬಟ್ಟೆ ಒಗೆದ ಮೇಲೆ ಅದನ್ನು ಬಿಚ್ಚಿ ನೋಡಿದರೆ ಬೂದುಬಣ್ಣದ ಮೆತ್ತನೆಯ ಮುದ್ದೆಯೊಂದು ಕೈಗೆ ಸಿಗುತ್ತದೆ. ಅದರಲ್ಲಿ ಒಂದಿಷ್ಟು ಕೂದಲು, ಜೇಬಿನಲ್ಲೇ ಉಳಿದುಹೋದ ಬಸ್ ಟಿಕೆಟ್ಟಿನ ಚೂರು; ಮಿಕ್ಕಿದ್ದೆಲ್ಲ ಬಟ್ಟೆ ಬಿಟ್ಟ ಎಳೆ. ಬಹಳಷ್ಟು ಮನೆಗಳಲ್ಲಿ ಆ ಚೀಲವನ್ನು ಮಗುಚಿ ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಮುದ್ದೆ ಬಿಡಿಬಿಡಿಯಾಗಿ ಮೋರಿಗೆ ಇಳಿಯುತ್ತದೆ, ಚೀಲ ಚೊಕ್ಕಟವಾಗುತ್ತದೆ. ಉಟ್ಟಿದ್ದೆಲ್ಲ ಹತ್ತಿಯಾಗಿದ್ದ ಕಾಲದಲ್ಲಿ ಇದರಿಂದ ಹೆಚ್ಚಿನ ಕೇಡೇನೂ ಇರಲಿಲ್ಲ. ಇವತ್ತು ಜಗತ್ತಿನಲ್ಲಿ ತಯಾರಾಗುವ ಜವಳಿ ನಾರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೃತಕ ನಾರು. ಪಾಲಿಯೆಸ್ಟರ್ ಒಂದೇ ಅರ್ಧಕ್ಕಿಂತ ಹೆಚ್ಚು. ನಮ್ಮ ಮನೆಗಳ ಒಣಹಾಕುವ ಹಗ್ಗದ ಮೇಲೆ ಕಣ್ಣಾಡಿಸಿದರೂ ಇದು ತಿಳಿಯುತ್ತದೆ: ಮಕ್ಕಳ ಟೆರಿಕಾಟ್ ಯೂನಿಫಾರ್ಮು, ಲೆಗ್ಗಿಂಗ್ಸು, ಆಟದ ಜೆರ್ಸಿ, ದಿನಬಳಕೆಯ ಸಿಂಥೆಟಿಕ್ ಸೀರೆ, ಅಕ್ರಿಲಿಕ್ ಸ್ವೆಟರು, ಚಳಿಗಾಲದ ಫ್ಲೀಸ್ ಹೊದಿಕೆ. ಇವುಗಳಲ್ಲಿ ಇರುವುದು ಪೂರ್ತಿಯಾಗಿಯೋ ಭಾಗಶಃವೋ ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್ಕು. ಒಗೆದಾಗ ಇವು ಬಿಡುವ, ಕೂದಲಿಗಿಂತ ತೆಳುವಾದ ಎಳೆಯೂ ಪ್ಲಾಸ್ಟಿಕ್ಕೇ. ಆ ಎಳೆಯನ್ನು ತಡೆಯುವುದಾದರೆ ಮನೆಯ ಮೋರಿಗೆ ಬೀಳುವ ಮೊದಲೇ ತಡೆಯಬೇಕು ಎಂಬುದು ಇಲ್ಲಿನ ವಾದ. ಮೋರಿ ದಾಟಿದ ಮೇಲೆ ಅದನ್ನು ಪೂರ್ತಿ ಹಿಡಿಯುವ ವ್ಯವಸ್ಥೆ ನಮ್ಮಲ್ಲಿಲ್ಲ. ಹಿಡಿದಷ್ಟನ್ನಾದರೂ ಕೇಡಾಗದಂತೆ ಇಡುವ ಜಾಗವೂ ಇಲ್ಲ.

ಈ ಸಂಗತಿ ಬೆಳಕಿಗೆ ಬಂದು ಬಹಳ ವರ್ಷವೇನೂ ಆಗಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಕಡಲತೀರದ ಮರಳಿನಲ್ಲಿ ಅತಿಸಣ್ಣ ಪ್ಲಾಸ್ಟಿಕ್ ಇರುವುದನ್ನು ತೋರಿಸಿದ್ದು 2004ರಲ್ಲಿ. 2011ರಲ್ಲಿ ಮಾರ್ಕ್ ಬ್ರೌನ್ ನೇತೃತ್ವದ ತಂಡ ಆರು ಖಂಡಗಳ 18 ತೀರಗಳ ಮರಳನ್ನು ಪರೀಕ್ಷಿಸಿ, ಅಲ್ಲಿ ಸಿಕ್ಕ ಎಳೆಗಳಿಗೂ ಬಟ್ಟೆ ಒಗೆದ ನೀರಿಗೂ ಇರುವ ನಂಟನ್ನು ಹಿಡಿಯಿತು. ಒಂದೇ ಉಡುಪು ಒಂದು ಸಲ ಒಗೆದಾಗ 1,900ಕ್ಕೂ ಹೆಚ್ಚು ಎಳೆ ಬಿಡಬಲ್ಲದು ಎಂದಿತು. ಅದು ಕಡಿಮೆ ಅಂದಾಜು ಎಂದು ಆಮೇಲೆ ಗೊತ್ತಾಯಿತು. 2016ರಲ್ಲಿ ಪ್ಲಿಮತ್ತಿನ ಇಮೋಜೆನ್ ನ್ಯಾಪರ್ ಮತ್ತು ಥಾಂಪ್ಸನ್ 6 ಕಿಲೊ ಬಟ್ಟೆಯ ಒಂದು ಒಗೆತಕ್ಕೆ ಲೆಕ್ಕ ಹಾಕಿದಾಗ ಪಾಲಿಯೆಸ್ಟರ್-ಹತ್ತಿ ಬೆರಕೆಯ ಬಟ್ಟೆಯಿಂದ ಸುಮಾರು 1,38,000, ಪೂರ್ತಿ ಪಾಲಿಯೆಸ್ಟರಿನಿಂದ 4,96,000, ಅಕ್ರಿಲಿಕ್ಕಿನಿಂದ 7,28,000 ಎಳೆ ಎಂದು ಬಂತು. ಎಳೆಗಳ ಸಂಖ್ಯೆ ಕೇಳಿ ಗಾಬರಿಯಾಗುವುದಕ್ಕಿಂತ ತೂಕ ನೋಡುವುದು ಹೆಚ್ಚು ಉಪಯುಕ್ತ. 2019ರಲ್ಲಿ ಇಟಲಿಯ ಫ್ರಾನ್ಸೆಸ್ಕಾ ಡೆ ಫಾಲ್ಕೊ ತಂಡ ಮನೆಬಳಕೆಯ ಮೆಷಿನ್ನಿನಲ್ಲೇ ಒಗೆದು ಅಳೆದಾಗ, ಕಿಲೊ ಬಟ್ಟೆಗೆ 124ರಿಂದ 308 ಮಿಲಿಗ್ರಾಂ ಎಳೆ ಸಿಕ್ಕಿತು. ಅಂದರೆ 5 ಕಿಲೊ ಬಟ್ಟೆಗೆ ಅರ್ಧ ಗ್ರಾಮಿಗೆ ಮೇಲ್ಪಟ್ಟು, ಒಂದೂವರೆ ಗ್ರಾಂವರೆಗೆ. ಒಂದು ಮನೆಗೆ ಇದು ಗಮನಕ್ಕೇ ಬಾರದ ತೂಕ. ಆದರೆ ಒಂದು ನಗರದ ಹತ್ತು ಲಕ್ಷ ಮನೆಗಳು ಒಂದೇ ದಿನ ಇಂಥ ಒಂದೊಂದು ಒಗೆತ ಮುಗಿಸಿದವು ಎಂದುಕೊಂಡರೆ ಅದೇ ಲೆಕ್ಕ 600 ಕಿಲೊದಿಂದ ಒಂದೂವರೆ ಟನ್ನಿಗೆ ಏರುತ್ತದೆ. ಯಾರ ಮನೆಯಲ್ಲೂ ಕಾಣದ ಕಸ ಊರಿನ ಮಟ್ಟದಲ್ಲಿ ಲಾರಿಯಲ್ಲಿ ಹೇರುವಷ್ಟಾಗುವುದು ಹೀಗೆ.

ಈ ಎಳೆಗಳ ಬಗ್ಗೆ ಬರುವ ಬರಹಗಳೆಲ್ಲ ಕೊನೆಗೆ ಕಡಲಿಗೆ ಹೋಗಿ ನಿಲ್ಲುತ್ತವೆ. ಅದಕ್ಕೆ ಆಧಾರವೂ ಇದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಐಯುಸಿಎನ್ 2017ರ ತನ್ನ ವರದಿಯಲ್ಲಿ, ಸಣ್ಣ ಚೂರಾಗಿಯೇ ಸಾಗರ ಸೇರುವ ಪ್ಲಾಸ್ಟಿಕ್ಕಿನಲ್ಲಿ ಶೇ. 35ರಷ್ಟು ಕೃತಕ ಬಟ್ಟೆ ಒಗೆಯುವುದರಿಂದ ಬರುತ್ತದೆ ಎಂದು ಅಂದಾಜಿಸಿತು. ಆರ್ಕ್‌ಟಿಕ್ ಸಾಗರದ ನೀರಿನಲ್ಲಿ ಸಿಕ್ಕ ಮೈಕ್ರೊಪ್ಲಾಸ್ಟಿಕ್ಕಿನಲ್ಲಿ ಶೇ. 92 ಎಳೆಗಳೇ, ಆ ಎಳೆಗಳಲ್ಲಿ ಮುಕ್ಕಾಲು ಪಾಲು ಪಾಲಿಯೆಸ್ಟರ್ ಎಂದು 2021ರ ಅಧ್ಯಯನವೊಂದು ಹೇಳಿತು. ಅದೇ ವರ್ಷ ಪ್ರಕಟವಾದ ಗಂಗಾನದಿಯ ಅಧ್ಯಯನದಲ್ಲಿಯೂ ನೀರಿನ ಮಾದರಿಗಳಲ್ಲಿ ಸಿಕ್ಕ ಕಣಗಳಲ್ಲಿ ಶೇ. 91 ಎಳೆಗಳೇ ಇದ್ದವು. ಇವೆಲ್ಲ ನಿಜ. ಆದರೂ ಕಡಲನ್ನೇ ಮುಂದಿಟ್ಟುಕೊಂಡು ಮಾತಾಡುವುದರಿಂದ ತುಮಕೂರಿನಲ್ಲೋ ದಾವಣಗೆರೆಯಲ್ಲೋ ಬಟ್ಟೆ ಒಗೆಯುವವರಿಗೆ ಇದು ಎಲ್ಲೋ ದೂರದ, ತಿಮಿಂಗಿಲಗಳ ಕಷ್ಟವಾಗಿ ಕೇಳಿಸುತ್ತದೆ. ಒಳನಾಡಿನ ಕರ್ನಾಟಕದಲ್ಲಿ ಬಟ್ಟೆ ಒಗೆದ ನೀರು ಕಡಲು ಮುಟ್ಟುವ ಮೊದಲು ಎಷ್ಟೋ ಕಡೆ ತಂಗುತ್ತದೆ. ಬಹಳಷ್ಟು ಎಳೆ ಅಲ್ಲಲ್ಲೇ ಉಳಿಯುತ್ತದೆ.

ಬೆಂಗಳೂರಿನ ದಾರಿಯನ್ನೇ ನೋಡೋಣ. ಕಾವೇರಿಯಿಂದ ಸುಮಾರು 100 ಕಿಲೊಮೀಟರ್ ದೂರ, ಏರುದಾರಿಯಲ್ಲಿ ಪಂಪು ಮಾಡಿ ತಂದ ನೀರಿನಲ್ಲಿ ನಗರದ ಬಟ್ಟೆ ಒಗೆಯಲಾಗುತ್ತದೆ. ಆ ನೀರು ಒಳಚರಂಡಿ ಹಿಡಿದು ಜಲಮಂಡಳಿಯ ಶುದ್ಧೀಕರಣ ಘಟಕಗಳಿಗೆ, ಇಲ್ಲವೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಎಸ್‌ಟಿಪಿಗೆ ಹೋಗುತ್ತದೆ. ಅಲ್ಲಿಗೂ ಹೋಗದ ನೀರು ರಾಜಕಾಲುವೆ ಹಿಡಿದು ಕೆರೆಗೆ ಬೀಳುತ್ತದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ, ಶುದ್ಧೀಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ ನೂರಕ್ಕೂ ಹೆಚ್ಚು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವ ಯೋಜನೆ ಅದು. ಬರದಲ್ಲಿ ಬೆಂದ ಜಿಲ್ಲೆಗೆ ಅದು ತಂದ ನೆಮ್ಮದಿಯನ್ನು ಅಲ್ಲಗಳೆಯಲಾಗದು. ಒಣಗಿಹೋಗಿದ್ದ ಕೆರೆಯಲ್ಲಿ ನೀರು ಕಂಡ ರೈತನಿಗೆ ಎಳೆಯ ಲೆಕ್ಕ ಹೇಳಿ ಯೋಜನೆ ನಿಲ್ಲಿಸಿ ಎನ್ನುವುದು ನ್ಯಾಯವೂ ಅಲ್ಲ. ಆದರೆ ಅಲ್ಲಿಗೆ ಹೋಗುವುದು ಎರಡನೇ ಹಂತದವರೆಗೆ ಮಾತ್ರ ಶುದ್ಧವಾದ ನೀರು. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಕೂಗು ಆ ಜಿಲ್ಲೆಯಲ್ಲಿ ಮೊದಲಿನಿಂದಲೂ ಇದೆ. ಎರಡನೇ ಹಂತದ ಘಟಕಗಳನ್ನು ಕಟ್ಟಿದ್ದು ಕೊಳೆಯುವ ಕಶ್ಮಲವನ್ನೂ ತೇಲುವ ಘನವಸ್ತುವನ್ನೂ ತೆಗೆಯಲು. ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಎಳೆಯನ್ನು ಸೋಸಲು ಅಲ್ಲ. ಹಾಗಿದ್ದೂ ಇಂಥ ಘಟಕಗಳು ಬಹುಪಾಲು ಎಳೆಯನ್ನು ಹಿಡಿಯುತ್ತವೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ಬಳಿಯ ಒಂದು ಘಟಕವನ್ನು 2016ರಲ್ಲಿ ಪರೀಕ್ಷಿಸಿದಾಗ ಶೇ. 98ಕ್ಕೂ ಹೆಚ್ಚು ಮೈಕ್ರೊಪ್ಲಾಸ್ಟಿಕ್ ನೀರಿನಿಂದ ಬೇರೆಯಾಗಿತ್ತು. ಉಳಿದ ಎರಡಕ್ಕೂ ಕಡಿಮೆ ಪಾಲು ಅಂದರೆ ದಿನಕ್ಕೆ ಆರೂವರೆ ಕೋಟಿ ಕಣ ಆ ಒಂದೇ ಘಟಕದಿಂದ ಹೊರಗೆ ಹೋಗುತ್ತಿತ್ತು.

ಆ 98 ಪಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ. ಅದು ಘಟಕದ ಕೆಸರಿನಲ್ಲಿ ಕೂತಿರುತ್ತದೆ. ಕೆಸರಿನಲ್ಲಿ ಸಾರಜನಕ, ರಂಜಕ ಇರುವುದರಿಂದ ಅದು ಒಳ್ಳೆಯ ಗೊಬ್ಬರ. ನಮ್ಮಲ್ಲೂ ಹೊರದೇಶಗಳಲ್ಲೂ ಹೊಲಕ್ಕೆ ಹೋಗುತ್ತದೆ. ಒಳಚರಂಡಿ ಇಲ್ಲದ ಕಡೆ ಶೌಚಗುಂಡಿಯಿಂದ ಹೀರುಯಂತ್ರದ ಟ್ಯಾಂಕರು ಎತ್ತಿದ ಕೆಸರನ್ನೂ ರೈತರು ತೋಟಕ್ಕೆ ಹಾಕಿಸಿಕೊಳ್ಳುವುದುಂಟು. ನೀರು ತಿಳಿಯಾದಷ್ಟೂ ಎಳೆ ಮಣ್ಣಿಗೆ ಹೋಗುತ್ತದೆ ಎಂದರ್ಥ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಮಾಡಿದ ಅಂದಾಜಿನಂತೆ, 1950ರಿಂದ 2016ರವರೆಗೆ ಬಟ್ಟೆ ಒಗೆಯುವುದರಿಂದ ಹೊರಬಿದ್ದ ಕೃತಕ ಎಳೆ 56 ಲಕ್ಷ ಟನ್. ಅದರಲ್ಲಿ ಅರ್ಧ ಕೊನೆಯ ಒಂದೇ ದಶಕದಲ್ಲಿ ಹೊರಬಿದ್ದದ್ದು. ಒಟ್ಟಿನಲ್ಲಿ 29 ಲಕ್ಷ ಟನ್ ನೀರಿಗೆ ಸೇರಿದರೆ, 19 ಲಕ್ಷ ಟನ್ ನೆಲಕ್ಕೆ. ಶುದ್ಧೀಕರಣ ಘಟಕ ಹೆಚ್ಚಿದಂತೆ ನೆಲದ ಪಾಲು ಬೆಳೆಯುತ್ತಿದೆ. ಮಣ್ಣಿನಲ್ಲಿ ಈ ಎಳೆ ಸುಮ್ಮನೆ ಬಿದ್ದಿರುವುದೂ ಇಲ್ಲ. 2018ರಲ್ಲಿ ಬರ್ಲಿನ್ನಿನಲ್ಲಿ ನಡೆದ ಪ್ರಯೋಗದಲ್ಲಿ ಪಾಲಿಯೆಸ್ಟರ್ ಎಳೆ ಬೆರೆಸಿದ ಮಣ್ಣಿನ ಹೆಂಟೆಕಟ್ಟುವ ಗುಣ, ನೀರು ಹಿಡಿಯುವ ಗುಣ ಬದಲಾದದ್ದು ಕಂಡಿತು. ಇನ್ನು ಹಳ್ಳಿ, ಸಣ್ಣ ಊರುಗಳಲ್ಲಿ ಬಚ್ಚಲ ನೀರನ್ನು ಹಿತ್ತಲ ಬಾಳೆಗೋ ತೆಂಗಿಗೋ ಕೆಸುವಿನ ಮಡಿಗೋ ತಿರುಗಿಸುವುದು ನಮ್ಮ ಹಳೆಯ ಪದ್ಧತಿ. ನೀರಿನ ದೃಷ್ಟಿಯಿಂದ ಅದಕ್ಕಿಂತ ಜಾಣತನದ ಪದ್ಧತಿ ಮತ್ತೊಂದಿಲ್ಲ. ಹತ್ತಿ ಸೀರೆಯ ಎಳೆ ಬಾಳೆಯ ಬುಡದಲ್ಲಿ ಕೊಳೆತು ಮಣ್ಣಾಗುತ್ತಿತ್ತು. ಪಾಲಿಯೆಸ್ಟರ್ ಎಳೆ ಹಾಗೆ ಕರಗುವುದಿಲ್ಲ.

ಆದ್ದರಿಂದ ಎಳೆ ಬಿಡುವುದನ್ನೇ ಕಡಿಮೆ ಮಾಡಬೇಕು. ಬಟ್ಟೆ ಒಗೆಯುವಾಗ ಎಳೆ ಕೀಳುವುದು ಯಾವುದು ಎಂಬ ಪ್ರಶ್ನೆಗೆ ಕಳೆದ ಏಳೆಂಟು ವರ್ಷದಲ್ಲಿ ಸಾಕಷ್ಟು ಸ್ಪಷ್ಟ ಉತ್ತರ ಸಿಕ್ಕಿದೆ, ಮತ್ತು ಅದು ನಮ್ಮ ಊಹೆಗೆ ವಿರುದ್ಧವಾಗಿದೆ. ನಾಜೂಕು ಬಟ್ಟೆಗೆಂದು ಮೆಷಿನ್ನಿನಲ್ಲಿ ‘ಡೆಲಿಕೇಟ್’ ಎಂಬ ಗುಂಡಿ ಇರುತ್ತದೆ. ಡ್ರಮ್ಮು ಮೆಲ್ಲಗೆ ತಿರುಗುವುದರಿಂದ ಎಳೆಯೂ ಕಡಿಮೆ ಹೋದೀತು ಎಂದೇ ಯಾರಿಗಾದರೂ ತೋರುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯ 2019ರಲ್ಲಿ ಪರೀಕ್ಷಿಸಿದಾಗ ಕಂಡದ್ದು ಬೇರೆ: ಆ ಗುಂಡಿ ಒತ್ತಿದಾಗ ಸಾಮಾನ್ಯ ಒಗೆತಕ್ಕಿಂತ ಸುಮಾರು 8 ಲಕ್ಷ ಎಳೆ ಹೆಚ್ಚಿಗೆ ಹೊರಬಿದ್ದವು. ಕಾರಣ ನೀರು. ಡೆಲಿಕೇಟ್ ಒಗೆತ ಹೆಚ್ಚು ನೀರು ತುಂಬಿಕೊಳ್ಳುತ್ತದೆ; ಬಟ್ಟೆಗೆ ಹೋಲಿಸಿದರೆ ನೀರು ಹೆಚ್ಚಾದಷ್ಟೂ ಅದು ನೂಲಿನ ಸಂದಿಯಲ್ಲಿ ಹಾದು ಸಡಿಲ ಎಳೆಗಳನ್ನು ಎಳೆದುಕೊಂಡು ಹೋಗುತ್ತದೆ. ತಿರುಗುವ ವೇಗಕ್ಕಿಂತ ನೀರು ಮತ್ತು ಬಟ್ಟೆಯ ಪ್ರಮಾಣವೇ ಮುಖ್ಯ ಎಂದು ಆ ತಂಡ ತೀರ್ಮಾನಿಸಿತು. ಇದರಿಂದ ಹುಟ್ಟುವ ಮೊದಲ ನಿಯಮ ಸರಳ: ಎರಡು ಅಂಗಿ, ಒಂದು ಟವೆಲು ಹಾಕಿ ಮೆಷಿನ್ ತಿರುಗಿಸಬಾರದು, ಡ್ರಮ್ಮು ತುಂಬುವಷ್ಟು ಬಟ್ಟೆ ಸೇರಿದ ಮೇಲೆ ಒಗೆಯಬೇಕು. ಟಾಪ್ ಲೋಡಿಗಿಂತ ಫ್ರಂಟ್ ಲೋಡ್ ಮೆಷಿನ್ ಕಡಿಮೆ ಎಳೆ ಬಿಡುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೃತಕ ನಾರಿನ ಜಾಕೆಟ್ಟುಗಳನ್ನು ಒಗೆದು ನೋಡಿದಾಗ ಟಾಪ್ ಲೋಡಿನಲ್ಲಿ ಏಳು ಪಟ್ಟಿನಷ್ಟು ಹೆಚ್ಚು ಎಳೆ ಸಿಕ್ಕಿತ್ತು. ಹಾಗೆಂದು ಇರುವ ಮೆಷಿನ್ ಎಸೆದು ಹೊಸದು ತರಬೇಕಿಲ್ಲ. ಬೆಲೆಯೂ ಎಲ್ಲರ ಕೈಗೆಟುಕುವಂಥದ್ದಲ್ಲ. ಇರುವ ಮೆಷಿನ್ನಿನಲ್ಲೇ ಬಟ್ಟೆ ಕಡಿಮೆ ಇದ್ದಾಗ ನೀರಿನ ಮಟ್ಟವನ್ನು ‘ಲೋ’ಗೆ ಇಳಿಸಿದರೂ ವ್ಯತ್ಯಾಸವಾಗುತ್ತದೆ.

ಎರಡನೆಯದು ಹೊತ್ತು ಮತ್ತು ಬಿಸಿ. ಲೀಡ್ಸ್ ವಿಶ್ವವಿದ್ಯಾಲಯದ 2020ರ ಅಧ್ಯಯನದಲ್ಲಿ 40 ಡಿಗ್ರಿಯ 85 ನಿಮಿಷದ ಒಗೆತದ ಬದಲು 25 ಡಿಗ್ರಿಯ 30 ನಿಮಿಷದ ಒಗೆತ ಮಾಡಿದಾಗ ಎಳೆ ಅರ್ಧದಷ್ಟು ಇಳಿಯಿತು, ಬಣ್ಣ ಬಿಡುವುದೂ ಕಡಿಮೆಯಾಯಿತು. ಈ ಬಗೆಯ ಅಧ್ಯಯನಗಳಲ್ಲಿ ಡಿಟರ್ಜೆಂಟ್ ತಯಾರಿಸುವ ದೊಡ್ಡ ಕಂಪನಿಯೊಂದರ ವಿಜ್ಞಾನಿಗಳೂ ಪಾಲ್ಗೊಂಡಿದ್ದರು ಎಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. ಆದರೂ ಫಲಿತಾಂಶವನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ಹೆಚ್ಚು ಹೊತ್ತು ಉಜ್ಜಿದರೆ ಹೆಚ್ಚು ಸವೆಯುತ್ತದೆ ಎಂಬುದು ಯಾರಿಗೂ ಹೊಸದಲ್ಲ. ನಮ್ಮ ಹವೆಗೆ ಇದು ಇನ್ನೂ ಸುಲಭ. ಯುರೋಪಿನ ಚಳಿಗೆ ರೂಪಿಸಿದ ಬಿಸಿನೀರಿನ ಒಗೆತ ನಮ್ಮ ಫ್ರಂಟ್ ಲೋಡ್ ಮೆಷಿನ್ನುಗಳಲ್ಲೂ ಇರುತ್ತದೆ. ಯಾರೂ ಬದಲಿಸದೆ ಅದೇ ನಡೆದುಹೋಗುತ್ತದೆ. ಆಫೀಸಿಗೆ ಹಾಕಿಕೊಂಡು ಹೋದ ಅಂಗಿಗೆ ನಲ್ಲಿಯ ತಣ್ಣೀರು, ಅರ್ಧ ಗಂಟೆ ಸಾಕು. ರೋಗಿಯ ಹಾಸಿಗೆ, ಎಳೆಮಗುವಿನ ಲಂಗೋಟಿಗೆ ಬಿಸಿನೀರು ಬೇಕು ನಿಜ. ಅವು ಸಾಮಾನ್ಯವಾಗಿ ಹತ್ತಿಯವೇ ಆಗಿರುವುದರಿಂದ ಇಲ್ಲಿ ತೊಡಕಿಲ್ಲ. ಸಾಬೂನಿನ ಪುಡಿಗಿಂತ ಲಿಕ್ವಿಡ್ ಮೇಲು ಎಂದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಸಾಫ್ಟ್‌ನರ್ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದಕ್ಕಾಗಿ ದುಡ್ಡು ಸುರಿಯುವ ಅಗತ್ಯವಿಲ್ಲ.

ಕೈಯಲ್ಲಿ ಒಗೆಯುವವರ ವಿಷಯವೇನು? ನಮ್ಮ ದೇಶದಲ್ಲಿ ಇನ್ನೂ ಬಹುಪಾಲು ಮನೆಗಳ ಬಟ್ಟೆ ಕೈಯಲ್ಲೇ ಒಗೆಯುವುದರಿಂದ ಇದು ಸಣ್ಣ ಪ್ರಶ್ನೆಯಲ್ಲ. 2023ರಲ್ಲಿ ಚೀನಾದ ಸಂಶೋಧಕರು ಇದನ್ನು ಅಳೆದರು. ಪೂರ್ತಿ ಪಾಲಿಯೆಸ್ಟರ್ ಬಟ್ಟೆಯನ್ನು ಕೈಯಲ್ಲಿ ಒಗೆದಾಗ ಸರಾಸರಿ 1,853 ಎಳೆ, ಅದೇ ಬಟ್ಟೆಯನ್ನು ಮೆಷಿನ್ನಿಗೆ ಹಾಕಿದಾಗ 23,723. ತೂಕದಲ್ಲಿ ನೋಡಿದರೆ ಮೆಷಿನ್ನಿನದು ಐದು ಪಟ್ಟಿಗೂ ಹೆಚ್ಚು. ಆದರೆ ಮೊದಲೇ ನೆನೆಹಾಕಿದರೆ, ಡಿಟರ್ಜೆಂಟ್ ಹಾಕಿದರೆ, ಉಜ್ಜುವ ಹಲಗೆ ಬಳಸಿದರೆ ಕೈಯೊಗೆತದಲ್ಲೂ ಎಳೆ ಹೆಚ್ಚಿತು. ಆಗಲೂ ಮೆಷಿನ್ನಿನಷ್ಟು ಹೋಗಲಿಲ್ಲ. ನಮ್ಮಲ್ಲಿ ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿ, ಬೆಳಗ್ಗೆ ಪ್ಲಾಸ್ಟಿಕ್ ಬ್ರಷ್ಷಿನಲ್ಲಿ ಕಾಲರು ತಿಕ್ಕಿ, ಒಗೆಯುವ ಕಲ್ಲಿಗೆ ಕುಕ್ಕುವುದು ರೂಢಿ. ಗಟ್ಟಿ ಹತ್ತಿ ಬಟ್ಟೆಗೆ ಹೊಂದುತ್ತಿದ್ದ ಈ ವಿಧಾನ ಸಿಂಥೆಟಿಕ್ ಬಟ್ಟೆಗೆ ಬೇಕಿಲ್ಲ. ಪಾಲಿಯೆಸ್ಟರ್ ಕೊಳೆಯನ್ನು ಹತ್ತಿಯಷ್ಟು ಆಳಕ್ಕೆ ಹೀರುವುದಿಲ್ಲ. ಕೈಯಿಂದ ಹಿಸುಕಿ, ಜಾಲಾಡಿ, ಹಿಂಡಿದರೆ ಬಹಳ ಸಲ ಸಾಕಾಗುತ್ತದೆ. ಇಷ್ಟು ಹೇಳಿ, ಹೆಂಗಸರೆಲ್ಲ ಮತ್ತೆ ಕಲ್ಲಿನ ಮುಂದೆ ಕೂರಲಿ ಎನ್ನುವುದು ನನ್ನ ಮಾತಿನ ಅರ್ಥವಲ್ಲ. ಬಟ್ಟೆ ಒಗೆಯುವ ಮೆಷಿನ್ ನಮ್ಮ ಮನೆಗಳ ಹೆಣ್ಣುಮಕ್ಕಳ ಬೆನ್ನು, ಮೊಣಕಾಲು, ದಿನದ ಎರಡು ತಾಸು ಉಳಿಸಿದೆ. ಆ ಬಿಡುಗಡೆಯನ್ನು ಹಿಂದಕ್ಕೆ ಕೇಳುವ ಯಾವ ಪರಿಸರವಾದವೂ ನನಗೆ ಒಪ್ಪಿಗೆಯಿಲ್ಲ. ಮೆಷಿನ್ ಇರಲಿ, ಅದನ್ನು ವಾರಕ್ಕೆ ಎಷ್ಟು ಸಲ, ಎಷ್ಟು ತುಂಬಿ, ಎಷ್ಟು ಹೊತ್ತು ತಿರುಗಿಸುತ್ತೇವೆ ಎಂಬುದು ಬದಲಾಗಲಿ.

ಒಗೆಯುವುದನ್ನೇ ಕಡಿಮೆ ಮಾಡುವುದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ಬೆವರಿನ ನಾಡಿನಲ್ಲಿ ಒಳಉಡುಪು, ಬನಿಯನ್ನು, ಮಕ್ಕಳ ಯೂನಿಫಾರ್ಮು ದಿನಾ ಒಗೆಯಬೇಕು, ಅದರಲ್ಲಿ ಚರ್ಚೆಯಿಲ್ಲ. ಜೀನ್ಸು, ಸ್ವೆಟರು, ಶಾಲು, ಜಾಕೆಟ್ಟುಗಳಿಗೆ ಆ ನಿಯಮ ಬೇಡ. ಒಂದು ಹೊತ್ತು ಬಿಸಿಲಿಗೆ, ಗಾಳಿಗೆ ಹಾಕಿ ತೆಗೆದಿಟ್ಟರೆ ಮತ್ತೆ ನಾಲ್ಕು ಸಲ ಉಡಬಹುದು. ಹೊಸ ಬಟ್ಟೆಯ ಮಾತು ಬೇರೆ. ಮೊದಲ ನಾಲ್ಕೈದು ಒಗೆತದಲ್ಲಿ ಎಳೆ ಹೆಚ್ಚು ಹೋಗಿ ಆಮೇಲೆ ಇಳಿಯುತ್ತದೆ ಎಂದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಅಗ್ಗದ ಬಟ್ಟೆ ಕೊಂಡು, ಆರು ಸಲ ಉಟ್ಟು, ಬಿಸಾಡಿ, ಮತ್ತೊಂದು ಕೊಳ್ಳುವ ಮನೆಯಲ್ಲಿ ಬಟ್ಟೆ ಯಾವಾಗಲೂ ಈ ಮೊದಲ ಹಂತದಲ್ಲೇ ಇರುತ್ತದೆ. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿದ್ದ ಪದ್ಧತಿಗೆ ಹೀಗೊಂದು ಸಮರ್ಥನೆಯೂ ಇದೆ. ಒಣಗಿಸುವ ವಿಷಯದಲ್ಲಿ ನಮ್ಮಷ್ಟು ಭಾಗ್ಯವಂತರು ಕಡಿಮೆ. ಬಿಸಿಗಾಳಿಯ ಡ್ರೈಯರು ತನ್ನ ಕೊಳವೆಯಿಂದ ಎಳೆಯನ್ನು ನೇರ ಗಾಳಿಗೆ ಬಿಡುತ್ತದೆ. ಬಿಸಿಲಿನಲ್ಲಿ ತಂತಿಗೆ ಹಾಕಿದ ಬಟ್ಟೆ ಹಾಗೆ ಉರುಳಾಡಿ ಸವೆಯುವುದಿಲ್ಲ. ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಕಟ್ಟಡದ ಅಂದ ಕೆಡುತ್ತದೆಂದು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು ಎಂಬ ಕಟ್ಟಳೆ ಇದೆ. ವರ್ಷದ ಹೆಚ್ಚಿನ ದಿನ ಧಾರಾಳ ಬಿಸಿಲು ಬೀಳುವ ಊರಿನಲ್ಲಿ ಜನ ವಿದ್ಯುತ್ತಿನಿಂದ ಬಟ್ಟೆ ಒಣಗಿಸುವಂತೆ ಮಾಡುವ ಈ ಕಟ್ಟಳೆ ಎಲ್ಲ ಲೆಕ್ಕದಲ್ಲೂ ತಪ್ಪು. ನಿವಾಸಿಗಳ ಸಂಘಗಳು ಅದನ್ನು ತೆಗೆದುಹಾಕಬೇಕು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ. 2020ರಲ್ಲಿ ಜಿಯುಸೆಪ್ಪೆ ಸುವಾರಿಯಾ ನೇತೃತ್ವದ ತಂಡ ಹಲವು ಸಾಗರಗಳ ಮೇಲ್ನೀರಿನಿಂದ ಎಳೆ ಆರಿಸಿ ಒಂದೊಂದನ್ನೂ ಗುರುತಿಸಿದಾಗ, ಶೇ. 8ರಷ್ಟು ಮಾತ್ರ ಕೃತಕ, ಉಳಿದದ್ದೆಲ್ಲ ಹತ್ತಿಯಂಥ ಸೆಲ್ಯುಲೋಸು ಅಥವಾ ಉಣ್ಣೆ ಎಂದು ಕಂಡಿತು. ಹತ್ತಿ ಬಟ್ಟೆಯೂ ಒಗೆದಾಗ ಎಳೆ ಬಿಡುತ್ತದೆ, ಎಷ್ಟೋ ಸಲ ಪಾಲಿಯೆಸ್ಟರಿಗಿಂತ ಹೆಚ್ಚಾಗಿಯೇ. ಹಾಗಾದರೆ ಪಾಲಿಯೆಸ್ಟರನ್ನೇ ದೂರುವುದೇಕೆ? ಈ ಆಕ್ಷೇಪದಲ್ಲಿ ಅರ್ಧ ಸತ್ಯವನ್ನು ಒಪ್ಪಿಕೊಳ್ಳಬೇಕು. ಬಣ್ಣ, ರಾಸಾಯನಿಕ ಲೇಪ ಹೊತ್ತ ಹತ್ತಿಯ ಎಳೆ ಪೂರ್ತಿ ನಿರಪರಾಧಿಯಲ್ಲ; ಗಂಗೆಯ ಮಾದರಿಗಳಲ್ಲಿ ಹೆಚ್ಚು ಸಿಕ್ಕಿದ್ದು ಮರದ ತಿರುಳಿನಿಂದ ರಾಸಾಯನಿಕವಾಗಿ ತಯಾರಾಗುವ ರೇಯಾನ್. ಹತ್ತಿ ಬೆಳೆಯಲು ಬೇಕಾಗುವ ನೀರು, ಕೀಟನಾಶಕದ ಲೆಕ್ಕವೂ ಸಣ್ಣದಲ್ಲ. ಆದರೂ ಎರಡರ ನಡುವೆ ಅಳಿಸಲಾಗದ ವ್ಯತ್ಯಾಸವೊಂದಿದೆ. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ 2019ರಲ್ಲಿ ಎಂಟು ತಿಂಗಳ ಕಾಲ ನೀರಿನಲ್ಲಿಟ್ಟು ನೋಡಿದಾಗ ಹತ್ತಿಯ ಎಳೆ ಸುಮಾರು ಮುಕ್ಕಾಲು ಭಾಗ ಕೊಳೆತಿತ್ತು. ಪಾಲಿಯೆಸ್ಟರ್ ಹೆಚ್ಚೂಕಡಿಮೆ ಹಾಗೇ ಇತ್ತು. ಒಂದು ವರ್ಷದ ಹತ್ತಿ ಎಳೆ ಮರುವರ್ಷಕ್ಕೆ ಬಹುಪಾಲು ಇಲ್ಲವಾಗುತ್ತದೆ. ಪಾಲಿಯೆಸ್ಟರ್ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ, ಇಳಿಯುವ ದಾರಿಯಿಲ್ಲ. ತುಂಬಿದ ಡ್ರಮ್ಮು, ತಣ್ಣೀರು, ಕಡಿಮೆ ಹೊತ್ತು ಎರಡೂ ಬಗೆಯ ಎಳೆಯನ್ನು ತಗ್ಗಿಸುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಹೀಗಾಗಿ ಈ ಆಕ್ಷೇಪ ನಿಂತರೂ ಒಗೆಯುವ ಸಲಹೆ ಬದಲಾಗುವುದಿಲ್ಲ.

ಇದರಿಂದ ಮನುಷ್ಯರಿಗೆ ಕೇಡು ಎಂದು ಸಾಬೀತಾಗಿದೆಯೇ ಎಂದು ಮತ್ತೆ ಕೆಲವರು ಕೇಳುತ್ತಾರೆ. ಕುಡಿಯುವ ನೀರಿನ ಮೈಕ್ರೊಪ್ಲಾಸ್ಟಿಕ್ ಕುರಿತ 2019ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ, ಸದ್ಯದ ಪುರಾವೆ ಸೀಮಿತ, ಇನ್ನಷ್ಟು ಸಂಶೋಧನೆ ಬೇಕು ಎಂದಿತು. ಆ ಮಾತನ್ನು ಮರೆಮಾಚಿ ಹೆದರಿಸುವ ಬರಹಗಳು ಯಾರಿಗೂ ಉಪಕಾರ ಮಾಡುವುದಿಲ್ಲ. ಅದೇ ಹೊತ್ತಿಗೆ, ನೈಲಾನ್ ಎಳೆಯ ಧೂಳಿನಲ್ಲಿ ದುಡಿದ ಕಾರ್ಮಿಕರಲ್ಲಿ ಶ್ವಾಸಕೋಶದ ಕಾಯಿಲೆಯನ್ನು ಅಮೆರಿಕದ ವೈದ್ಯರು 1990ರ ದಶಕದಲ್ಲೇ ಗುರುತಿಸಿದ್ದಾರೆ. ಕಾರ್ಖಾನೆಯ ಆ ಪ್ರಮಾಣ ನಮ್ಮ ಮನೆಗಳಲ್ಲಿಲ್ಲ, ನಿಜ. ಆದರೆ ಒಮ್ಮೆ ಕೆರೆಗೂ ಮಣ್ಣಿಗೂ ಸೇರಿದ ಎಳೆಯನ್ನು ಹೆಕ್ಕಿ ತೆಗೆಯುವ ಯಾವ ಉಪಾಯವೂ ಇಲ್ಲದಿರುವಾಗ ಪೂರ್ಣ ಪುರಾವೆಗೆ ಕಾಯುವುದು ವಿವೇಕವಲ್ಲ. ಬೇಡುವ ತ್ಯಾಗವಾದರೂ ಎಷ್ಟು? ತಣ್ಣೀರು, ತುಂಬಿದ ಡ್ರಮ್ಮು, ಬಿಸಿಲು: ಇವು ಕರೆಂಟು ಬಿಲ್ಲನ್ನೂ ನೀರಿನ ಬಿಲ್ಲನ್ನೂ ಇಳಿಸುತ್ತವೆ, ಬಟ್ಟೆಯ ಆಯುಸ್ಸು ಹೆಚ್ಚಿಸುತ್ತವೆ. ಕೇಡಿನ ಅಂದಾಜು ನಾಳೆ ಸುಳ್ಳಾದರೂ ಕಳೆದುಕೊಳ್ಳುವುದೇನಿಲ್ಲ.

ಮೂರನೆಯ ಆಕ್ಷೇಪವನ್ನು ನಾನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ: ಇದನ್ನೆಲ್ಲ ಮನೆಯವರ, ಅದರಲ್ಲೂ ಹೆಂಗಸರ ಹೆಗಲಿಗೆ ಹೊರಿಸಿ ಬಟ್ಟೆ ಕಂಪನಿ, ಮೆಷಿನ್ ಕಂಪನಿಗಳನ್ನು ಬಿಟ್ಟುಬಿಡುವುದು ಅನ್ಯಾಯ. ಮೆಷಿನ್ನಿಗೆ ಸೋಸುಗ ಜೋಡಿಸಿದರೆ ಎಷ್ಟು ಹಿಡಿಯಬಹುದು ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. 2020ರ ಪ್ಲಿಮತ್ ಪರೀಕ್ಷೆಯಲ್ಲಿ ಆರು ಸಾಧನಗಳಲ್ಲಿ ಅತ್ಯುತ್ತಮವಾದದ್ದು ಶೇ. 78 ಎಳೆ ಹಿಡಿಯಿತು. ಕೆನಡಾದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನಲ್ಲಿ 97 ಮನೆಗಳ ಮೆಷಿನ್ನುಗಳಿಗೆ ಸೋಸುಗ ಹಾಕಿಸಿದರು, ಊರಿನ ಹತ್ತರಲ್ಲಿ ಸುಮಾರು ಒಂದು ಮನೆಗೆ. ಊರಿನ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನಲ್ಲೇ ಎಳೆ ಸ್ಪಷ್ಟವಾಗಿ ಇಳಿದದ್ದು ಅಳತೆಗೆ ಸಿಕ್ಕಿತು. ಫ್ರಾನ್ಸ್ 2020ರಲ್ಲೇ ಕಾನೂನು ಮಾಡಿ 2025ರ ಜನವರಿಯಿಂದ ಮಾರುವ ಹೊಸ ಮೆಷಿನ್ನುಗಳಲ್ಲಿ ಸೋಸುಗ ಕಡ್ಡಾಯ ಎಂದಿತು. ಜಾರಿಯ ನಿಯಮಗಳು ಆ ಗಡುವಿಗೆ ಸಿದ್ಧವಾಗಲಿಲ್ಲ. ಕ್ಯಾಲಿಫೋರ್ನಿಯಾದ ಶಾಸನಸಭೆ 2029ರಿಂದ ಕಡ್ಡಾಯ ಮಾಡುವ ಮಸೂದೆಗೆ ಒಪ್ಪಿಗೆ ಕೊಟ್ಟರೂ, ಗ್ರಾಹಕರಿಗೆ ಬೆಲೆ ಏರುತ್ತದೆಂದು ಗವರ್ನರ್ 2023ರ ಅಕ್ಟೋಬರಿನಲ್ಲಿ ತಡೆದರು. ಕಾನೂನು ಇಷ್ಟು ನಿಧಾನವಾಗಿ ಸಾಗುವಾಗ ಮನೆ ಮತ್ತು ಸರ್ಕಾರ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕಿಲ್ಲ. ನಮ್ಮ ವಾಷಿಂಗ್ ಮೆಷಿನ್ನುಗಳ ಮೇಲೆ ವಿದ್ಯುತ್ ಉಳಿತಾಯ ಸೂಚಿಸುವ ಬಿಇಇಯ ನಕ್ಷತ್ರದ ಚೀಟಿ ಈಗಲೇ ಇದೆ. ಎಳೆ ಎಷ್ಟು ಹಿಡಿಯುತ್ತದೆ ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸುವುದು ಅಸಾಧ್ಯವಲ್ಲ. ಒಗೆತದಲ್ಲಿ ಬಟ್ಟೆ ಎಷ್ಟು ಎಳೆ ಬಿಡುತ್ತದೆ ಎಂದು ಅಳೆಯುವ ಅಂತರರಾಷ್ಟ್ರೀಯ ಐಎಸ್ಒ ಮಾನದಂಡ 2023ರಲ್ಲಿ ಬಂದಿದೆ. ವಿದ್ಯಾವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ ಮಕ್ಕಳಿಗೆ ಪ್ರತಿವರ್ಷ ಸಮವಸ್ತ್ರದ ಬಟ್ಟೆ ಕೊಳ್ಳುವ ನಮ್ಮ ಸರ್ಕಾರ ಟೆಂಡರಿನಲ್ಲಿ ಆ ಪರೀಕ್ಷೆಯನ್ನು ಕೇಳಿದರೆ ಗಿರಣಿಗಳು ಬಿಗಿ ಹುರಿಯ ನೂಲಿನತ್ತ ತಾವಾಗಿ ತಿರುಗುತ್ತವೆ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಂಥ ಕಡೆ ಬಟ್ಟೆಯ ಮೊದಲ ಒಗೆತ ಒಂದೇ ಜಾಗದಲ್ಲಿ ನಡೆಯುತ್ತದೆ. ಅಲ್ಲಿ ಒಂದು ಒಳ್ಳೆಯ ಸೋಸುವ ವ್ಯವಸ್ಥೆ ಹಾಕಿಸುವುದು ಲಕ್ಷ ಮನೆಗಳಿಗೆ ಬುದ್ಧಿ ಹೇಳುವುದಕ್ಕಿಂತ ಸುಲಭ.

ಸೋಸುಗ ಹಿಡಿದ ಎಳೆ ಮತ್ತೆ ಮೋರಿಗೆ ಹೋದರೆ ಇದೆಲ್ಲ ವ್ಯರ್ಥ. ಬಲೆಚೀಲವನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಒಣಗಲು ಬಿಟ್ಟು, ಮುದ್ದೆಯನ್ನು ಬೆರಳಲ್ಲಿ ಎತ್ತಿ, ಹಳೆಯ ಪೇಪರಿನಲ್ಲಿ ಸುತ್ತಿ, ಗೊಬ್ಬರವಾಗದ ಕಸದ ಬುಟ್ಟಿಗೆ ಹಾಕಿ. ಹಸಿಕಸಕ್ಕೂ ಮನೆಯ ಗೊಬ್ಬರದ ಗುಂಡಿಗೂ ಹಾಕಬೇಡಿ. ಮನೆಗೆಲಸಕ್ಕೆ ಬರುವವರು ಒಗೆಯುವುದಾದರೆ ಅವರಿಗೂ ಕಾರಣ ಸಮೇತ ತಿಳಿಸಿ. ಹೊಸ ಮೆಷಿನ್ ಕೊಳ್ಳಲು ಹೋದಾಗ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಒಂದು ಒಗೆತಕ್ಕೆ ಎಷ್ಟು ಲೀಟರ್ ನೀರು, ಎಳೆ ಹಿಡಿಯುವ ಸೋಸುಗ ಇದೆಯೇ. ಇಂದು ಅವರ ಬಳಿ ಎರಡನೆಯದಕ್ಕೆ ಉತ್ತರ ಇರುವುದು ಅಪರೂಪ. ನೂರು ಗಿರಾಕಿಗಳು ಕೇಳಿದರೆ ಅವರು ಕಂಪನಿಯನ್ನು ಕೇಳುತ್ತಾರೆ.